ಮೂವತ್ತಾರು ವರ್ಷದ ಹೊಸ ಹುಡುಗ: ರೇ ಡ್ಯಾಂಡ್ರಿಜ್

ಮಕ್ಕಳೇ, ಮೊದಲು ಒಂದು ಪದ ನೋಡೋಣ. ಬೇಸ್‌ಬಾಲ್‌ನಲ್ಲಿ 'ರೂಕಿ' ಅಂತಾರಲ್ಲ, ಅದನ್ನು ಕನ್ನಡದಲ್ಲಿ ಹೇಗೆ ಹೇಳ್ತೀರಿ? ಕೆಲವರು 'ಹೊಸಬ' ಅನ್ನಬಹುದು, ಕೆಲವರು 'ಅನನುಭವಿ' ಅನ್ನಬಹುದು. ಎರಡೂ ಒಳ್ಳೆಯ ಪದಗಳೇ. ಆದರೆ ಎರಡರ ಅರ್ಥ ಒಂದೇ ಅಲ್ಲ. ಹೊಸಬ ಅಂದ್ರೆ ಈ ಜಾಗಕ್ಕೆ ಈಗ ತಾನೇ ಬಂದವನು. ಅನನುಭವಿ ಅಂದ್ರೆ ಕೆಲಸವನ್ನೇ ಇನ್ನೂ ಸರಿಯಾಗಿ ಮಾಡಿ ನೋಡದವನು. ನೀವು ಐದನೇ ಕ್ಲಾಸಿನಲ್ಲಿ ಬೇರೆ ಊರಿನ ಸ್ಕೂಲಿಗೆ ಸೇರಿದಿರಿ ಅಂತಿಟ್ಟುಕೊಳ್ಳಿ. ಅಲ್ಲಿ ನೀವು ಹೊಸಬರು, ನಿಜ. ಆದರೆ ಮಗ್ಗಿ ಬಾರದವರಲ್ಲ, ಅಲ್ವಾ?

1949ರಲ್ಲಿ ನಮ್ಮ ಮಿನಿಯಾಪೊಲಿಸ್‌ನ ಒಬ್ಬ ಆಟಗಾರರಿಗೆ 'ವರ್ಷದ ರೂಕಿ' ಪ್ರಶಸ್ತಿ ಬಂತು. ಅವರ ಹೆಸರು ರೇ ಡ್ಯಾಂಡ್ರಿಜ್. ಆಗ ಅವರ ವಯಸ್ಸು 36. ಅಷ್ಟರಲ್ಲಿ ಅವರು ವೃತ್ತಿಪರ ಬೇಸ್‌ಬಾಲ್ ಆಡಲು ಶುರುಮಾಡಿ 16 ವರ್ಷ ಆಗಿತ್ತು! ಹಾಗಾದರೆ ಅವರನ್ನು ಹೊಸಬ ಅಂದದ್ದು ಯಾಕೆ? ಈ ಪಾಠದಲ್ಲಿ ಅದನ್ನೇ ತಿಳಿದುಕೊಳ್ಳೋಣ.

ನಮ್ಮ ಶಾಲೆಯ ಬಹಳಷ್ಟು ಮಕ್ಕಳು ಟಾರ್ಗೆಟ್ ಫೀಲ್ಡ್‌ಗೆ ಹೋಗಿ ಟ್ವಿನ್ಸ್ ಆಟ ನೋಡಿದವರೇ. ಆದರೆ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರು ಕ್ರಿಕೆಟ್ ನೋಡಿ ಬೆಳೆದವರು. ಅವರಿಗೋಸ್ಕರ ಸ್ವಲ್ಪ ಆಟದ ವಿಷಯ ಹೇಳಿಬಿಡ್ತೇನೆ. ಮಕ್ಕಳೇ, ಇದನ್ನು ನೀವೇ ಅವರಿಗೆ ಓದಿ ಹೇಳಿ.

ಬೇಸ್‌ಬಾಲ್ ಮೈದಾನದ ಒಳಭಾಗ ಒಂದು ಚೌಕ. ಅದನ್ನು ಒಂದು ಮೂಲೆಯ ಮೇಲೆ ನಿಲ್ಲಿಸಿದ ಹಾಗೆ ಕಾಣುತ್ತದೆ, ಅದಕ್ಕೇ 'ಡೈಮಂಡ್' ಅಂತಾರೆ. ಚೌಕದ ಪ್ರತಿ ಬದಿ 90 ಅಡಿ. ನಾಲ್ಕು ಮೂಲೆಗಳಲ್ಲಿ ಒಂದು ಬ್ಯಾಟ್ ಮಾಡುವವರ ಜಾಗ, ಉಳಿದ ಮೂರು ಬೇಸ್‌ಗಳು. ಈ ಒಳಭಾಗವನ್ನು ಕಾಯುವವರು ಇನ್‌ಫೀಲ್ಡರ್‌ಗಳು: ಮೊದಲನೇ ಬೇಸ್, ಎರಡನೇ ಬೇಸ್, ಮೂರನೇ ಬೇಸ್‌ಗೆ ಒಬ್ಬೊಬ್ಬರು, ಎರಡು ಮತ್ತು ಮೂರನೇ ಬೇಸ್‌ಗಳ ನಡುವೆ 'ಶಾರ್ಟ್‌ಸ್ಟಾಪ್' ಎನ್ನುವ ಇನ್ನೊಬ್ಬರು. ಇವರಲ್ಲಿ ಮೂರನೇ ಬೇಸ್‌ನವರ ಜಾಗಕ್ಕೆ 'ಹಾಟ್ ಕಾರ್ನರ್', ಅಂದ್ರೆ ಬಿಸಿ ಮೂಲೆ, ಅನ್ನುವ ಅಡ್ಡಹೆಸರಿದೆ. ಬಲಗೈಯವರು ಜೋರಾಗಿ ಹೊಡೆದ ಚೆಂಡು ನೇರ ಆ ಕಡೆಗೇ ಬರುವುದು ಹೆಚ್ಚು. ಯೋಚಿಸೋಕೆ ಸಮಯವೇ ಇರೋದಿಲ್ಲ. ಹಿಡಿಯಬೇಕು, ತಿರುಗಬೇಕು, ಮೊದಲನೇ ಬೇಸ್‌ಗೆ ಎಸೆಯಬೇಕು.

ಆ ಎಸೆತ ಎಷ್ಟು ದೂರ ಗೊತ್ತಾ? ಮೂರನೇ ಬೇಸ್‌ನಿಂದ ಮೊದಲನೇ ಬೇಸ್‌ಗೆ ಚೌಕದ ಕರ್ಣ. ಪೈಥಾಗೊರಸ್ ಪ್ರಮೇಯ ಕಲಿತ ದೊಡ್ಡ ಮಕ್ಕಳು ಲೆಕ್ಕ ಹಾಕಿ ನೋಡಿ: 127 ಅಡಿಗಿಂತ ಸ್ವಲ್ಪ ಜಾಸ್ತಿ. ಕ್ರಿಕೆಟ್ ಪಿಚ್ 66 ಅಡಿ. ಅಂದ್ರೆ ಹತ್ತಿರ ಹತ್ತಿರ ಎರಡು ಪಿಚ್‌ನಷ್ಟು ದೂರ. ಚೆಂಡು ಹೊಡೆದವರು ಅಷ್ಟರಲ್ಲಿ ಓಡುತ್ತಾ ಇರುತ್ತಾರೆ.

ರೇ ಡ್ಯಾಂಡ್ರಿಜ್ ಈ ಬಿಸಿ ಮೂಲೆಯ ರಾಜ. ಎತ್ತರ ಹೆಚ್ಚೇನಿಲ್ಲ, ಐದಡಿ ಏಳಿಂಚು. ಗಟ್ಟಿ ಮೈಕಟ್ಟು. ಕಾಲುಗಳು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದ್ದವು. ಆ ಕಾಲುಗಳ ನಡುವೆ ರೈಲು ನುಗ್ಗಿ ಹೋಗಬಹುದು, ಆದರೆ ಚೆಂಡು ಮಾತ್ರ ಹೋಗೋದಿಲ್ಲ ಅಂತ ಜೊತೆಯವರು ತಮಾಷೆ ಮಾಡುತ್ತಿದ್ದರಂತೆ. ನನಗಂತೂ ಬೇಸ್‌ಬಾಲ್‌ನಲ್ಲಿ ಒಬ್ಬ ಫೀಲ್ಡರ್ ಬಗ್ಗೆ ಇದಕ್ಕಿಂತ ಒಳ್ಳೆಯ ಹೊಗಳಿಕೆ ಗೊತ್ತಿಲ್ಲ.

ಅವರು ಹುಟ್ಟಿದ್ದು 1913ರ ಆಗಸ್ಟ್ 31ರಂದು, ವರ್ಜೀನಿಯಾ ರಾಜ್ಯದ ರಿಚ್‌ಮಂಡ್‌ನಲ್ಲಿ. ಅವರು ಕಪ್ಪು ಜನಾಂಗದವರು. ಆ ಕಾಲದಲ್ಲಿ ಕಪ್ಪು ಆಟಗಾರರು ಎಷ್ಟೇ ಚೆನ್ನಾಗಿ ಆಡಿದರೂ ಯಾಂಕೀಸ್, ಜೈಂಟ್ಸ್, ಕಬ್ಸ್‌ನಂಥ ಮೇಜರ್ ಲೀಗ್ ತಂಡಗಳಿಗೆ ಸೇರುವ ಹಾಗಿರಲಿಲ್ಲ. ತಮಾಷೆ ಅಂದ್ರೆ (ತಮಾಷೆ ಅನ್ನಬಾರದು, ಬೇಸರ ಅನ್ನಬೇಕು) ಹಾಗಂತ ಲೀಗ್‌ನ ನಿಯಮ ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ. ತಂಡಗಳ ಮಾಲೀಕರು ತಮ್ಮತಮ್ಮಲ್ಲೇ ಮಾಡಿಕೊಂಡಿದ್ದ ಬಾಯಿಮಾತಿನ ಒಪ್ಪಂದ ಅದು. 1884ರಲ್ಲಿ ಮೋಸಸ್ ಫ್ಲೀಟ್‌ವುಡ್ ವಾಕರ್ ಎನ್ನುವವರು ಟೊಲೀಡೊ ತಂಡದಲ್ಲಿ ಆಡಿದ್ದರು. ಆಮೇಲೆ ಬಾಗಿಲು ಮುಚ್ಚಿತು. ಅದು ಮತ್ತೆ ತೆರೆದದ್ದು 1947ರಲ್ಲಿ, ಜಾಕಿ ರಾಬಿನ್‌ಸನ್ ಬಂದಾಗ. ನಡುವೆ ಅರವತ್ತಕ್ಕೂ ಹೆಚ್ಚು ವರ್ಷ! ಬರೆಯದ ನಿಯಮವನ್ನು ಅಳಿಸೋದು ಬರೆದ ನಿಯಮಕ್ಕಿಂತ ಕಷ್ಟ ಅನ್ನೋದು ಇಲ್ಲಿ ಕಾಣುತ್ತದೆ. ಅಳಿಸೋಕೆ ಅಕ್ಷರವೇ ಇಲ್ಲವಲ್ಲ!

ಒಳಗೆ ಬಿಡದಿದ್ದಾಗ ಕಪ್ಪು ಜನರು ತಮ್ಮದೇ ತಂಡ, ತಮ್ಮದೇ ಲೀಗ್ ಕಟ್ಟಿಕೊಂಡರು. 1920ರಲ್ಲಿ ರೂಬ್ ಫಾಸ್ಟರ್ ಎನ್ನುವ ಆಟಗಾರ ಮತ್ತು ತಂಡದ ಮಾಲೀಕರು ಕ್ಯಾನ್ಸಸ್ ಸಿಟಿಯಲ್ಲಿ ಉಳಿದ ಮಾಲೀಕರನ್ನು ಸೇರಿಸಿ 'ನೀಗ್ರೋ ನ್ಯಾಷನಲ್ ಲೀಗ್' ಶುರುಮಾಡಿದರು. ಮುಂದೆ ಇಂಥ ಹಲವು ಲೀಗ್‌ಗಳು ಬಂದವು. ಎಲ್ಲವನ್ನೂ ಸೇರಿಸಿ ನೀಗ್ರೋ ಲೀಗ್‌ಗಳು ಅನ್ನುತ್ತಾರೆ. ಇಲ್ಲಿ ಒಂದು ಮಾತು, ಮಕ್ಕಳೇ. 'ನೀಗ್ರೋ' ಅನ್ನುವುದು ಹಳೆಯ ಕಾಲದ ಪದ. ಆಗ ಕಪ್ಪು ಜನರೇ ತಮ್ಮ ಸಂಸ್ಥೆಗಳ ಹೆಸರಿನಲ್ಲಿ ಅದನ್ನು ಬಳಸುತ್ತಿದ್ದರು, ಆದ್ದರಿಂದ ಲೀಗ್‌ನ ಹೆಸರು ಹೇಳುವಾಗ ಬಳಸಲೇಬೇಕು. ಇವತ್ತು ಯಾವುದೇ ವ್ಯಕ್ತಿಯನ್ನು ಹಾಗೆ ಕರೆಯಬಾರದು. ಮನೆಯಲ್ಲಿ ಅಜ್ಜ ಅಜ್ಜಿ ಹಳೆಯ ಅಭ್ಯಾಸದಿಂದ ಆ ಪದ ಹೇಳಿದರೆ ಮೆಲ್ಲಗೆ ತಿಳಿಸಿ.

ಆ ಲೀಗ್‌ಗಳ ಆಟ ಕಡಿಮೆ ದರ್ಜೆಯದ್ದು ಅಂತ ತಿಳಿಯಬೇಡಿ. ಶಿಕಾಗೋದಲ್ಲಿ ಪ್ರತಿ ವರ್ಷ 'ಈಸ್ಟ್-ವೆಸ್ಟ್' ಪಂದ್ಯ ನಡೆಯುತ್ತಿತ್ತು, 1943ರಲ್ಲಿ ಅದನ್ನು ನೋಡಲು 50,000ಕ್ಕೂ ಹೆಚ್ಚು ಜನ ಬಂದಿದ್ದರು. ಕಷ್ಟ ಇದ್ದದ್ದು ಆಟದಲ್ಲಲ್ಲ, ಆಟದ ಸುತ್ತಮುತ್ತ. ರಾತ್ರಿಯೆಲ್ಲ ಬಸ್ಸಿನಲ್ಲಿ ಪ್ರಯಾಣ. ದಾರಿಯಲ್ಲಿ ಎಷ್ಟೋ ಹೋಟೆಲ್‌ಗಳಲ್ಲಿ ಅವರಿಗೆ ರೂಮು ಇಲ್ಲ, ಊಟ ಇಲ್ಲ. ಬಸ್ಸಿನಲ್ಲೇ ತಿಂದು ಬಸ್ಸಿನಲ್ಲೇ ಮಲಗಿ, ಬೆಳಗಾದರೆ ಇನ್ನೊಂದು ಊರಿನ ಮೈದಾನ.

ಇದನ್ನು ಓದುತ್ತಾ ದೊಡ್ಡವರಿಗೆ ನಮ್ಮ ದೇಶದ ಒಂದು ಕಥೆ ನೆನಪಾಗಬಹುದು. ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಲೂ ತಮ್ಮ ಕಾಲದ ಅತ್ಯುತ್ತಮ ಸ್ಪಿನ್ ಬೌಲರ್. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದವರು. ಆದರೆ ದಲಿತರು ಅನ್ನುವ ಕಾರಣಕ್ಕೆ ಪುಣೆಯಲ್ಲಿ ಅವರಿಗೆ ಟೀ ಕೊಡುತ್ತಿದ್ದದ್ದು ಪೆವಿಲಿಯನ್‌ನ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. ಮೈದಾನದಲ್ಲಿ ಅವರು ಎಸೆದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. 'ಅದೆಲ್ಲ ಅಮೆರಿಕದ ವಿಷಯ' ಅಂತ ಪಕ್ಕಕ್ಕೆ ಇಡಬಾರದು ಅಂತ ಇದನ್ನು ಹೇಳಿದೆ. ಈಗ ರಿಚ್‌ಮಂಡ್‌ನ ಹುಡುಗನ ಕಡೆಗೆ ಬರೋಣ.

1933ರಲ್ಲಿ ಡೆಟ್ರಾಯಿಟ್ ಸ್ಟಾರ್ಸ್ ಎನ್ನುವ ನೀಗ್ರೋ ಲೀಗ್ ತಂಡದ ಮ್ಯಾನೇಜರ್ ಕ್ಯಾಂಡಿ ಜಿಮ್ ಟೇಲರ್ ಅವರ ಕಣ್ಣಿಗೆ ಡ್ಯಾಂಡ್ರಿಜ್ ಬಿದ್ದರು. ಆಗ ಅವರಿಗೆ 19 ವರ್ಷ. ಮರುವರ್ಷ ನ್ಯೂಜೆರ್ಸಿಯ ನ್ಯೂವರ್ಕ್‌ಗೆ ಹೋದರು. 1936ರಲ್ಲಿ ಅಲ್ಲಿ 'ನ್ಯೂವರ್ಕ್ ಈಗಲ್ಸ್' ತಂಡ ಹುಟ್ಟಿತು. ಅದರ ಮಾಲೀಕರು ಏಬ್ ಮ್ಯಾನ್ಲಿ ಮತ್ತು ಅವರ ಹೆಂಡತಿ ಎಫಾ ಮ್ಯಾನ್ಲಿ. ಈ ಎಫಾ ಅವರ ಹೆಸರು ನೆನಪಿಟ್ಟುಕೊಳ್ಳಿ, ಹೆಣ್ಣುಮಕ್ಕಳು ವಿಶೇಷವಾಗಿ. ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದ ಒಬ್ಬರೇ ಒಬ್ಬ ಮಹಿಳೆ ಅವರು.

ಈಗಲ್ಸ್‌ನ ಇನ್‌ಫೀಲ್ಡ್ ನೋಡಿ: ಮೊದಲನೇ ಬೇಸ್‌ನಲ್ಲಿ ಮ್ಯೂಲ್ ಸಟಲ್ಸ್, ಎರಡನೇ ಬೇಸ್‌ನಲ್ಲಿ ಡಿಕ್ ಸೇ, ಶಾರ್ಟ್‌ಸ್ಟಾಪ್‌ನಲ್ಲಿ ವಿಲ್ಲಿ ವೆಲ್ಸ್, ಮೂರನೇ ಬೇಸ್‌ನಲ್ಲಿ ನಮ್ಮ ಡ್ಯಾಂಡ್ರಿಜ್. ನಾಲ್ವರಲ್ಲಿ ಮೂವರು ಈಗ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಇವರನ್ನು 'ಮಿಲಿಯನ್ ಡಾಲರ್ ಇನ್‌ಫೀಲ್ಡ್' ಅಂತ ಕರೆಯುತ್ತಿದ್ದರು. ಹೆಸರಿನಲ್ಲಿ ಮಾತ್ರ ಮಿಲಿಯನ್. ಬಿಳಿಯರ ಲೀಗ್‌ನಲ್ಲಿದ್ದರೆ ಇವರ ಬೆಲೆ ಅಷ್ಟಾಗುತ್ತಿತ್ತು ಅನ್ನುವುದು ಅದರ ಅರ್ಥ. ಕೈಗೆ ಬರುತ್ತಿದ್ದದ್ದು ಚಿಲ್ಲರೆ ಸಂಬಳ.

ಸಂಬಳ ಸಾಲದಿದ್ದಾಗ ಜನ ಏನು ಮಾಡುತ್ತಾರೆ? ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ಮಾಡಿದ್ದನ್ನೇ: ಬೇರೆ ದೇಶಕ್ಕೆ ಹೋಗುತ್ತಾರೆ. ಮೆಕ್ಸಿಕೊದಲ್ಲಿ ಹೋರ್ಹೆ ಪಾಸ್ಕೆಲ್ ಎನ್ನುವ ಶ್ರೀಮಂತ ವ್ಯಾಪಾರಿ ತಮ್ಮ ದೇಶದ ಲೀಗ್ ಬೆಳೆಸಲು ಒಳ್ಳೆಯ ಆಟಗಾರರನ್ನು ಹುಡುಕುತ್ತಿದ್ದರು. ಅವರಿಗೆ ಮೈಬಣ್ಣ ಮುಖ್ಯವಾಗಿರಲಿಲ್ಲ. 1940ರ ದಶಕದ ಹೆಚ್ಚಿನ ವರ್ಷಗಳನ್ನು ಡ್ಯಾಂಡ್ರಿಜ್ ಮೆಕ್ಸಿಕೊದಲ್ಲೇ ಕಳೆದರು. ಬೇಸಿಗೆಯಲ್ಲಿ ಅಲ್ಲಿ ಆಟ, ಎಷ್ಟೋ ಚಳಿಗಾಲಗಳಲ್ಲಿ ಕ್ಯೂಬಾದಲ್ಲಿ ಆಟ. 1948ರಲ್ಲಿ ಮೆಕ್ಸಿಕೊ ಲೀಗ್‌ನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ ಅವರದ್ದೇ. ಸಂಬಳ ಚೆನ್ನಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಯಾವ ಹೋಟೆಲ್‌ಗೆ ಬೇಕಾದರೂ ಹೋಗಿ ಯಾವ ಟೇಬಲ್‌ನಲ್ಲಿ ಬೇಕಾದರೂ ಕೂತು ಊಟ ಮಾಡಬಹುದಿತ್ತು. ಅಲ್ಲಿಗೆ ಹೋಗಿದ್ದ ಅವರ ಗೆಳೆಯ ವಿಲ್ಲಿ ವೆಲ್ಸ್ ಒಬ್ಬ ಪತ್ರಕರ್ತರಿಗೆ ಇದನ್ನೇ ಹೇಳಿದ್ದರು: ಹಣಕ್ಕಷ್ಟೇ ಬಂದದ್ದಲ್ಲ, ಇಲ್ಲಿ ನನ್ನನ್ನು ಒಬ್ಬ ಮನುಷ್ಯನ ಹಾಗೆ ನೋಡುತ್ತಾರೆ ಅನ್ನುವ ಅರ್ಥದ ಮಾತು.

1947ರಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಬಿಲ್ ವೆಕ್ ಅವರಿಂದ ಡ್ಯಾಂಡ್ರಿಜ್‌ಗೆ ಕರೆ ಬಂತು. ಮೇಜರ್ ಲೀಗ್! ಅವರು ಹೋಗಲಿಲ್ಲ. ಯಾಕೆ? ಪಾಸ್ಕೆಲ್ ತಮ್ಮನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ, ಕುಟುಂಬ ಅಲ್ಲಿ ನೆಲೆನಿಂತಿದೆ, ಕ್ಲೀವ್‌ಲ್ಯಾಂಡ್‌ನವರು ಬಿಟ್ಟು ಬರುವುದಕ್ಕೆ ಬೋನಸ್ ಹಣ ಕೊಡಲು ತಯಾರಿಲ್ಲ. ಆ ವರ್ಷ ಜುಲೈನಲ್ಲಿ ಕ್ಲೀವ್‌ಲ್ಯಾಂಡ್‌ಗೆ ಹೋದವರು ನ್ಯೂವರ್ಕ್ ಈಗಲ್ಸ್‌ನ ಯುವಕ ಲ್ಯಾರಿ ಡೋಬಿ. ಅಮೆರಿಕನ್ ಲೀಗ್‌ನ ಮೊದಲ ಕಪ್ಪು ಆಟಗಾರ ಅಂತ ಅವರ ಹೆಸರು ಚರಿತ್ರೆಯಲ್ಲಿದೆ. ಡ್ಯಾಂಡ್ರಿಜ್ ತಪ್ಪು ಮಾಡಿದರಾ? ಈಗ ಕೂತು ಹೇಳುವುದು ಸುಲಭ. ನನಗೆ ತಪ್ಪು ಅನ್ನಿಸುವುದಿಲ್ಲ. ಇಷ್ಟು ವರ್ಷ ಬಾಗಿಲು ಮುಚ್ಚಿದ್ದವರನ್ನು ನಂಬಿ, ಬಾಗಿಲು ತೆರೆದಿಟ್ಟಿದ್ದವರನ್ನು ಬಿಟ್ಟು ಓಡಿಬರಬೇಕು ಅಂದ್ರೆ ಹೇಗೆ?

ಎರಡು ವರ್ಷ ಆದಮೇಲೆ ಅವರು ವಾಪಸ್ ಬಂದರು. 1949ರಲ್ಲಿ ನ್ಯೂಯಾರ್ಕ್ ಕ್ಯೂಬನ್ಸ್ ಎನ್ನುವ ನೀಗ್ರೋ ಲೀಗ್ ತಂಡದಲ್ಲಿ ಆಡುತ್ತಾ ಅದರ ಮ್ಯಾನೇಜರ್ ಕೂಡ ಆಗಿದ್ದಾಗ, ನ್ಯೂಯಾರ್ಕ್ ಜೈಂಟ್ಸ್‌ನವರು ಅವರನ್ನೂ ಡೇವ್ ಬಾರ್ನ್‌ಹಿಲ್ ಎನ್ನುವ ಪಿಚರ್ ಅನ್ನೂ ಕೊಂಡುಕೊಂಡರು. ಆದರೆ ಜೈಂಟ್ಸ್‌ಗೆ ಸೇರಿಸಿಕೊಳ್ಳಲಿಲ್ಲ. ತಮ್ಮ ಕೆಳಗಿನ ದರ್ಜೆಯ ತಂಡಕ್ಕೆ ಕಳಿಸಿದರು. ಆ ತಂಡ ಯಾವುದು ಗೊತ್ತಾ? ಮಿನಿಯಾಪೊಲಿಸ್ ಮಿಲ್ಲರ್ಸ್. ನಮ್ಮ ಊರು!

ಮಿಲ್ಲರ್ಸ್ ಆಡುತ್ತಿದ್ದದ್ದು ನಿಕೊಲೆಟ್ ಪಾರ್ಕ್‌ನಲ್ಲಿ. ನಿಕೊಲೆಟ್ ಅವೆನ್ಯೂ ಮತ್ತು 31ನೇ ಸ್ಟ್ರೀಟ್ ಸೇರುವ ಕಡೆ, ಲೇಕ್ ಸ್ಟ್ರೀಟ್ ಪಕ್ಕದಲ್ಲೇ. ನಿಮ್ಮಲ್ಲಿ ಎಷ್ಟೋ ಜನ ಆ ದಾರಿಯಲ್ಲಿ ಕಾರಿನಲ್ಲಿ ಹೋಗಿರಬಹುದು. ಈಗ ಅಲ್ಲಿ ಮೈದಾನ ಇಲ್ಲ, 1955ರಲ್ಲಿ ಕೊನೆಯ ಪಂದ್ಯ ನಡೆದಮೇಲೆ ಅದನ್ನು ಕೆಡವಿದರು. ಬಲಗಡೆಯ ಬೌಂಡರಿ ತುಂಬಾ ಹತ್ತಿರ, 280 ಅಡಿಯೂ ಇರಲಿಲ್ಲವಂತೆ. ಟೆಡ್ ವಿಲಿಯಮ್ಸ್ ಕೂಡ 1938ರಲ್ಲಿ ಇಲ್ಲೇ ಆಡಿ ಮೇಲೆ ಹೋದವರು. ನದಿಯ ಆಚೆ ಕಡೆಯ ಸೇಂಟ್ ಪಾಲ್ ಸೇಂಟ್ಸ್ ತಂಡಕ್ಕೆ 1948ರಲ್ಲಿ ರಾಯ್ ಕ್ಯಾಂಪನೆಲ್ಲಾ ಬಂದಿದ್ದರು, ಈ ಲೀಗ್‌ನಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಅವರು. ಮರುವರ್ಷ ಈ ಕಡೆಗೆ ಡ್ಯಾಂಡ್ರಿಜ್ ಮತ್ತು ಬಾರ್ನ್‌ಹಿಲ್ ಬಂದರು.

ಈಗ ಸ್ವಲ್ಪ ಲೆಕ್ಕ. ಬೇಸ್‌ಬಾಲ್‌ನ ಬ್ಯಾಟಿಂಗ್ ಸರಾಸರಿ ಕ್ರಿಕೆಟ್‌ನ ಹಾಗಲ್ಲ. ಕ್ರಿಕೆಟ್‌ನಲ್ಲಿ ರನ್ನುಗಳನ್ನು ಔಟ್ ಆದ ಸಂಖ್ಯೆಯಿಂದ ಭಾಗಿಸುತ್ತೇವೆ. ಇಲ್ಲಿ ಹಿಟ್‌ಗಳನ್ನು 'ಅಟ್ ಬ್ಯಾಟ್' ಸಂಖ್ಯೆಯಿಂದ ಭಾಗಿಸಬೇಕು. ಬ್ಯಾಟ್ ಹಿಡಿದು ನಿಂತ ಸರದಿಗಳ ಲೆಕ್ಕ ಅದು, ಆದರೆ 'ವಾಕ್' ಸಿಕ್ಕಿದ್ದನ್ನು ಸೇರಿಸುವುದಿಲ್ಲ. ಉತ್ತರವನ್ನು ಮೂರು ದಶಮಾಂಶ ಸ್ಥಾನದವರೆಗೆ ಬರೆಯುತ್ತಾರೆ. 10 ಸರದಿಯಲ್ಲಿ 3 ಹಿಟ್ ಆದರೆ .300. ಹತ್ತರಲ್ಲಿ ಏಳು ಸಲ ಸೋತರೂ ಅವರು ಒಳ್ಳೆಯ ಬ್ಯಾಟರ್! ಗಣಿತ ಪರೀಕ್ಷೆಯಲ್ಲಿ ಈ ವಾದ ನಡೆಯೋದಿಲ್ಲ, ಅದು ಬೇರೆ ಮಾತು.

1949ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಡ್ಯಾಂಡ್ರಿಜ್ ಸರಾಸರಿ .362. ಅಂದ್ರೆ ಸಾವಿರ ಸರದಿಗೆ 362 ಹಿಟ್‌ಗಳ ಲೆಕ್ಕ. ಇಡೀ ಲೀಗ್‌ನಲ್ಲಿ ಎರಡನೇ ಸ್ಥಾನ, ಮೊದಲನೇ ಸ್ಥಾನ ಕೂದಲೆಳೆಯಲ್ಲಿ ತಪ್ಪಿತು. ಆಗಲೇ ಅವರಿಗೆ 'ವರ್ಷದ ರೂಕಿ' ಅಂತ ಪ್ರಶಸ್ತಿ ಕೊಟ್ಟದ್ದು. ಡೆಟ್ರಾಯಿಟ್, ನ್ಯೂವರ್ಕ್, ಮೆಕ್ಸಿಕೊ, ಕ್ಯೂಬಾದ 16 ವರ್ಷಗಳು ಲೆಕ್ಕಕ್ಕೇ ಇಲ್ಲ!

ಮಕ್ಕಳೇ, ಇಲ್ಲಿ ಓದು ನಿಲ್ಲಿಸಿ ಅಪ್ಪನನ್ನೋ ಅಮ್ಮನನ್ನೋ ಒಂದು ಪ್ರಶ್ನೆ ಕೇಳಿ. ಭಾರತದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಇಲ್ಲಿಗೆ ಬಂದಮೇಲೆ, 'ಈ ದೇಶದ ಅನುಭವ ಎಷ್ಟಿದೆ?' ಅಂತ ಅವರನ್ನು ಯಾರಾದರೂ ಕೇಳಿದ್ದುಂಟಾ? ಡಾಕ್ಟರ್, ಟೀಚರ್, ಅಕೌಂಟೆಂಟ್ ಆಗಿದ್ದವರು ಇಲ್ಲಿ ಮತ್ತೆ ಪರೀಕ್ಷೆ ಬರೆದದ್ದುಂಟಾ? ಅವರ ಉತ್ತರ ಕೇಳಿಸಿಕೊಳ್ಳಿ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ನಾವು ನಮ್ಮ ಇಷ್ಟದಿಂದ ಬಂದವರು, ನಮಗೆ ಹೋಟೆಲ್‌ನಲ್ಲಿ ಊಟ ಇಲ್ಲ ಅಂದವರಿಲ್ಲ. ಡ್ಯಾಂಡ್ರಿಜ್ ಹುಟ್ಟಿದ್ದೇ ಈ ದೇಶದಲ್ಲಿ. ಆದರೂ 'ಹೊಸಬ' ಅನ್ನುವ ಪದ ಅನುಭವಸ್ಥರ ಕಿವಿಗೆ ಹೇಗೆ ಕೇಳಿಸುತ್ತದೆ ಅನ್ನುವುದು ನಿಮ್ಮ ಮನೆಯವರಿಗೆ ಸ್ವಲ್ಪ ಗೊತ್ತಿರಬಹುದು.

ಮುಂದಿನ ವರ್ಷ, 1950ರಲ್ಲಿ, ಅವರು ಇನ್ನೂ ಮೇಲೆ ಹೋದರು. ಮಿಲ್ಲರ್ಸ್ ಲೀಗ್‌ನಲ್ಲಿ ಮೊದಲ ಸ್ಥಾನ ಪಡೆಯಿತು, ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಡ್ಯಾಂಡ್ರಿಜ್‌ಗೆ ಬಂತು. ಸಾಮಾನ್ಯವಾಗಿ ಇಂಥ ಆಟಗಾರರನ್ನು ತಂಡದವರು ತಕ್ಷಣ ಮೇಲಕ್ಕೆ ಕರೆಸಿಕೊಳ್ಳುತ್ತಾರೆ. ಕರೆ ಬರಲಿಲ್ಲ.

1951ರ ವಸಂತದಲ್ಲಿ ಅಲಬಾಮಾದಿಂದ ಒಬ್ಬ ಹುಡುಗ ಮಿನಿಯಾಪೊಲಿಸ್‌ಗೆ ಬಂದ. ವಯಸ್ಸು ಇಪ್ಪತ್ತು ತುಂಬುವುದರಲ್ಲಿತ್ತು. ಹೆಸರು ವಿಲ್ಲಿ ಮೇಸ್. ಹೌದು, ಅದೇ ವಿಲ್ಲಿ ಮೇಸ್! ಡ್ಯಾಂಡ್ರಿಜ್‌ಗೆ ಆಗ 37. ಅವರು ಈ ಹುಡುಗನಿಗೆ ಅಣ್ಣನ ಹಾಗೆ, ಒಂದು ರೀತಿ ಅಪ್ಪನ ಹಾಗೆ ಜೊತೆಗಿದ್ದು ಆಟದ ಸೂಕ್ಷ್ಮಗಳನ್ನೂ ತಂಡದಲ್ಲಿ ಬಾಳುವ ರೀತಿಯನ್ನೂ ಹೇಳಿಕೊಟ್ಟರು. ಮೇಸ್ 35 ಪಂದ್ಯ ಆಡಿದ. ಸರಾಸರಿ .477. ಹೆಚ್ಚುಕಡಿಮೆ ಎರಡು ಸರದಿಗೆ ಒಂದು ಹಿಟ್! ಮೇ ತಿಂಗಳ ಕೊನೆಯಲ್ಲಿ ತಂಡ ಅಯೋವಾದ ಸೂ ಸಿಟಿಯಲ್ಲಿದ್ದಾಗ, ಮೇಸ್ ಸಿನಿಮಾ ನೋಡುತ್ತಾ ಕೂತಿದ್ದಾಗ, ನ್ಯೂಯಾರ್ಕ್‌ನಿಂದ ಕರೆ ಬಂತು. ಜೈಂಟ್ಸ್ ಮಾಲೀಕ ಹೊರೇಸ್ ಸ್ಟೋನ್‌ಹ್ಯಾಮ್ ಮಿನಿಯಾಪೊಲಿಸ್ ಪತ್ರಿಕೆಯಲ್ಲಿ ಜಾಹೀರಾತು ಹಾಕಿ, ನಿಮ್ಮ ಮೆಚ್ಚಿನ ಹುಡುಗನನ್ನು ಕರೆದುಕೊಂಡು ಹೋಗುತ್ತಿದ್ದೇವೆ, ಕ್ಷಮಿಸಿ ಅಂತ ಅಭಿಮಾನಿಗಳಿಗೆ ವಿವರಣೆ ಕೊಟ್ಟರು. ಆ ಜಾಹೀರಾತು ಓದಿದವರಲ್ಲಿ ಡ್ಯಾಂಡ್ರಿಜ್ ಕೂಡ ಇದ್ದಿರಬಹುದೇ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಡ್ಯಾಂಡ್ರಿಜ್‌ರನ್ನು ಯಾಕೆ ಕರೆಯಲಿಲ್ಲ? ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣಗಳು ಮೂರು. ಒಂದು ವಯಸ್ಸು. ಅದನ್ನು ಒಪ್ಪಬಹುದು, ಆದರೆ ಆ ವಯಸ್ಸು ಯಾರಿಂದಾಗಿ ಆಯಿತು? ಇನ್ನೊಂದು, ಅವರು ಮಿನಿಯಾಪೊಲಿಸ್‌ನಲ್ಲಿ ತುಂಬಾ ಜನಪ್ರಿಯರು, ಅವರನ್ನು ನೋಡಲು ಜನ ಟಿಕೆಟ್ ಕೊಳ್ಳುತ್ತಿದ್ದರು. ಚೆನ್ನಾಗಿ ಆಡಿದ್ದೇ ಅವರಿಗೆ ಮುಳುವಾಯಿತು ಅಂದ ಹಾಗಾಯಿತು. ಮೂರನೆಯದು, ಒಂದು ತಂಡದಲ್ಲಿ ಇಷ್ಟೇ ಕಪ್ಪು ಆಟಗಾರರು ಅನ್ನುವ, ಮತ್ತೆ ಎಲ್ಲೂ ಬರೆಯದ ಮಿತಿ. ಜೈಂಟ್ಸ್‌ನಲ್ಲಿ ಆಗಲೇ ಮಾಂಟಿ ಅರ್ವಿನ್, ಹ್ಯಾಂಕ್ ಥಾಂಪ್ಸನ್ ಮುಂತಾದವರಿದ್ದರು. ಮೇಸ್ ಮೇಲಕ್ಕೆ ಹೋದಾಗ ಅವನಿಗೆ ಜಾಗ ಮಾಡಿಕೊಡಲು ಜೈಂಟ್ಸ್ ಕೆಳಕ್ಕೆ ಕಳಿಸಿದ ಆಟಗಾರ ಆರ್ಟಿ ವಿಲ್ಸನ್. ಅವರೂ ನೀಗ್ರೋ ಲೀಗ್‌ನಿಂದ ಬಂದ ಇನ್‌ಫೀಲ್ಡರ್. ನಿಯಮ ಎಲ್ಲೂ ಕಾಣುವುದಿಲ್ಲ, ಆದರೆ ಒಬ್ಬರು ಹತ್ತಿದಾಗ ಇಳಿದವರು ಯಾರು ಅಂತ ನೋಡಿದರೆ ಅದರ ನೆರಳು ಕಾಣುತ್ತದೆ.

1951ರಲ್ಲೂ ಡ್ಯಾಂಡ್ರಿಜ್ .324 ಹೊಡೆದರು. 1952 ಇಲ್ಲಿ ಅವರ ಕೊನೆಯ ವರ್ಷ. ಆಮೇಲೆ ಕ್ಯಾಲಿಫೋರ್ನಿಯಾದ ಲೀಗ್, ಕೊನೆಗೆ 1955ರಲ್ಲಿ ನಮ್ಮ ಪಕ್ಕದ ನಾರ್ತ್ ಡಕೋಟಾದ ಬಿಸ್ಮಾರ್ಕ್. ಆಟ ನಿಲ್ಲಿಸಿದಮೇಲೆ ನ್ಯೂವರ್ಕ್‌ನಲ್ಲಿದ್ದು ಮಕ್ಕಳ ಆಟದ ಕೇಂದ್ರದಲ್ಲಿ ಕೆಲಸ ಮಾಡಿದರು, ಜೈಂಟ್ಸ್‌ಗೆ ಹೊಸ ಪ್ರತಿಭೆಗಳನ್ನು ಹುಡುಕಿಕೊಡುವ ಕೆಲಸವನ್ನೂ ಮಾಡಿದರು. ಯೋಚಿಸಿ, ತಮ್ಮನ್ನು ಕರೆಯದ ಅದೇ ಜೈಂಟ್ಸ್‌ಗೆ! ಮೇಜರ್ ಲೀಗ್‌ನಲ್ಲಿ ಅವರು ಒಂದು ಪಂದ್ಯವನ್ನೂ ಆಡಲಿಲ್ಲ. ಒಂದೇ ಒಂದು ವಾರಕ್ಕಾದರೂ ಕರೆಸಿಕೊಳ್ಳಬಹುದಿತ್ತು, ಆ ಮೈದಾನದಲ್ಲಿ ಕಾಲಿಟ್ಟಿದ್ದೇನೆ ಅಂತ ಹೇಳಿಕೊಳ್ಳುವುದಕ್ಕಾದರೂ, ಎಂದು ಮುಂದೆ ಅವರು ನೊಂದು ಹೇಳಿದ್ದುಂಟು.

1987ರಲ್ಲಿ ಅವರನ್ನು ಹಾಲ್ ಆಫ್ ಫೇಮ್‌ಗೆ ಆರಿಸಿದರು. ಆಗ 73 ವರ್ಷ. ಅವರು ಕೈಹಿಡಿದು ನಡೆಸಿದ ಮೇಸ್ ಎಂಟು ವರ್ಷ ಮೊದಲೇ ಅಲ್ಲಿ ಸೇರಿಯಾಗಿತ್ತು. ಕೂಪರ್ಸ್‌ಟೌನ್‌ನ ಆ ಸಮಾರಂಭದಲ್ಲಿ ಡ್ಯಾಂಡ್ರಿಜ್ ಎಲ್ಲರಿಗೂ ಧನ್ಯವಾದ ಹೇಳಿದರು. ಜೊತೆಗೆ, ಯಾಕೆ ಇಷ್ಟು ತಡ ಮಾಡಿದಿರಿ ಅಂತಲೂ ಕೇಳಿದರು. 1994ರ ಫೆಬ್ರವರಿಯಲ್ಲಿ ಫ್ಲೋರಿಡಾದಲ್ಲಿ ತೀರಿಕೊಂಡರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಒಂದು ಘೋಷಣೆ ಮಾಡಿತು: 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗ್‌ಗಳೂ ಮೇಜರ್ ಲೀಗ್‌ಗಳೇ. ಸುಮಾರು 3,400 ಆಟಗಾರರು ಒಂದೇ ದಿನ ಮೇಜರ್ ಲೀಗ್ ಆಟಗಾರರಾದರು. 2024ರ ಮೇ ತಿಂಗಳಲ್ಲಿ ಅವರ ಅಂಕಿಅಂಶಗಳನ್ನೂ ಅಧಿಕೃತ ದಾಖಲೆಗೆ ಸೇರಿಸಿದರು. ಆಗ ಇಡೀ ಬೇಸ್‌ಬಾಲ್ ಚರಿತ್ರೆಯ ಅತಿ ಹೆಚ್ಚು ಸರಾಸರಿಯ ಪಟ್ಟ ಟೈ ಕಾಬ್ ಅವರಿಂದ ಜಾಶ್ ಗಿಬ್ಸನ್ ಅವರಿಗೆ ಹೋಯಿತು. ಇದನ್ನು ಸಾಧ್ಯ ಮಾಡಿದವರು, ಹಳೆಯ ಪತ್ರಿಕೆಗಳ ಪುಟ ಪುಟ ತಿರುವಿ ಒಂದೊಂದೇ ಪಂದ್ಯದ ಸ್ಕೋರ್ ಹುಡುಕಿ ತೆಗೆದ ಸಂಶೋಧಕರು. ಕಪ್ಪು ಜನರೇ ನಡೆಸುತ್ತಿದ್ದ ಪಿಟ್ಸ್‌ಬರ್ಗ್ ಕೂರಿಯರ್, ಶಿಕಾಗೋ ಡಿಫೆಂಡರ್‌ನಂಥ ಪತ್ರಿಕೆಗಳು ಇಲ್ಲದಿದ್ದರೆ ಹುಡುಕಲು ಏನೂ ಇರುತ್ತಿರಲಿಲ್ಲ.

ಹಾಗಾದರೆ ಈಗಿನ ದಾಖಲೆ ಪ್ರಕಾರ ರೇ ಡ್ಯಾಂಡ್ರಿಜ್ ಮೇಜರ್ ಲೀಗ್‌ಗೆ ಕಾಲಿಟ್ಟದ್ದು ಯಾವಾಗ? 1933ರಲ್ಲಿ, ಡೆಟ್ರಾಯಿಟ್‌ನಲ್ಲಿ, 19ನೇ ವಯಸ್ಸಿನಲ್ಲಿ. ಆ ಒಂದು ವಾರವನ್ನು ಬಯಸುತ್ತಿದ್ದಾಗಲೆಲ್ಲ ಅವರು ಮಾಜಿ ಮೇಜರ್ ಲೀಗ್ ಆಟಗಾರರೇ ಆಗಿದ್ದರು! ಅದನ್ನು ಅವರಿಗೆ ಹೇಳುವ ಹಾಗಿಲ್ಲ, ಅವರು ಹೋಗಿ ಆಗಲೇ 26 ವರ್ಷ ಆಗಿತ್ತು.

ಇನ್ನೊಂದು ವಿಚಿತ್ರ ಇದೆ. ಮೆಕ್ಸಿಕೊದ ವರ್ಷಗಳು ಈ ಲೆಕ್ಕದಲ್ಲಿ ಇಲ್ಲ. 1949ರ .362 ಇಲ್ಲ, 1950ರ ಪ್ರಶಸ್ತಿಯ ವರ್ಷವೂ ಇಲ್ಲ, ಯಾಕೆಂದರೆ ಮಿಲ್ಲರ್ಸ್ ಕೆಳಗಿನ ದರ್ಜೆಯ ತಂಡ. ಹಾಗಾಗಿ ಅವರ ಮೇಜರ್ ಲೀಗ್ ಪುಟ ತೆರೆದು ನೋಡಿದರೆ ಡೆಟ್ರಾಯಿಟ್, ನ್ಯೂವರ್ಕ್ ಕಾಣುತ್ತವೆ. ಮಿನಿಯಾಪೊಲಿಸ್ ಅಲ್ಲಿ ಕಾಣುವುದಿಲ್ಲ.

ಈಗ ನಿಮಗೆ ಮನೆಕೆಲಸ. ಚಿಕ್ಕ ಮಕ್ಕಳು: ಒಬ್ಬ ಆಟಗಾರ್ತಿ 33 ಅಟ್ ಬ್ಯಾಟ್‌ಗಳಲ್ಲಿ 12 ಹಿಟ್ ಮಾಡಿದರೆ ಸರಾಸರಿ ಎಷ್ಟು? ಅದು ಡ್ಯಾಂಡ್ರಿಜ್‌ರ 1949ರ ಸರಾಸರಿಗಿಂತ ಹೆಚ್ಚೋ ಕಡಿಮೆಯೋ? ದೊಡ್ಡ ಮಕ್ಕಳು: 'ಹೊಸಬ', 'ಅನನುಭವಿ', 'ಅನುಭವಸ್ಥ', 'ಪಳಗಿದವರು' ಈ ನಾಲ್ಕೂ ಪದಗಳನ್ನು ಬಳಸಿ, ನಿಮ್ಮ ಮನೆಯ ಹಿರಿಯರೊಬ್ಬರು ಹೊಸ ಜಾಗದಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನದ ಬಗ್ಗೆ ಹತ್ತು ಸಾಲು ಬರೆಯಿರಿ. ಅವರನ್ನು ಕೇಳಿಯೇ ಬರೆಯಬೇಕು, ಊಹಿಸಿ ಬರೆಯಬಾರದು. ಬೇಸಿಗೆ ರಜೆ ಮುಗಿದ ಮೇಲೆ ಮೊದಲ ತರಗತಿಗೆ ತನ್ನಿ. ಅದಕ್ಕೂ ಮೊದಲು ಲೇಕ್ ಸ್ಟ್ರೀಟ್ ಕಡೆ ಹೋಗುವುದಿದ್ದರೆ, ನಿಕೊಲೆಟ್ ಮತ್ತು 31ನೇ ಸ್ಟ್ರೀಟ್ ಮೂಲೆಯಲ್ಲಿ ಕಾರು ಸ್ವಲ್ಪ ನಿಧಾನ ಮಾಡಲು ಅಪ್ಪ ಅಮ್ಮನಿಗೆ ಹೇಳಿ. ಮೂರನೇ ಬೇಸ್ ಎಲ್ಲಿದ್ದಿರಬಹುದು ಅಂತ ಊಹಿಸಿ ನೋಡಿ.